ಸಹಾಯ ಬೇಕು: ನೆರಳಲ್ಲಿ ಸೊರಗಿದ ಲಾವಂಚ

ಎಲ್ಲರಿಗೂ ನಮಸ್ಕಾರ. ಊರಿಂದ ಅತ್ತೆ ಕೊಟ್ಟ ಲಾವಂಚದ ಬುಡ ಬಿಡಿಸಿ, ಗರಿಯನ್ನು ಒಂದು ಗೇಣಿಗೆ ಕತ್ತರಿಸಿ, ಕಾಂಪೌಂಡ್ ಪಕ್ಕ ಸಾಲಾಗಿ ಆರು ಕಡೆ ನೆಟ್ಟಿದ್ದೆ. ಬಿಸಿಲಲ್ಲಿರುವ ನಾಲ್ಕು ಎದೆಯುದ್ದ ಬೆಳೆದಿವೆ. ಗಾಳಿಗೆ ತೂಗಾಡುವಾಗ ನೋಡುತ್ತಾ ನಿಂತುಬಿಡುತ್ತೇನೆ, ಅಷ್ಟು ಚೆಂದ. ಮಾವಿನ ಮರದ ಕೆಳಗಿನ ಎರಡು ಮಾತ್ರ ಸೊರಗಿವೆ. ಗರಿ ತುದಿಯಿಂದ ಒಣಗುತ್ತಾ ಬರುತ್ತಿದೆ, ಬುಡ ಹಿಡಿದರೆ ಅಲ್ಲಾಡುತ್ತದೆ. ಈ ಹುಲ್ಲಿಗೆ ಬಿಸಿಲು ಜಾಸ್ತಿ ಬೇಕು, ನಾನೇ ಜಾಗ ತಪ್ಪಿಸಿದೆ ಅನಿಸುತ್ತಿದೆ.

ಈಗಲೇ ಕಿತ್ತು ಬಿಸಿಲಿಗೆ ಹಾಕಲೇ, ಇಲ್ಲಾ ಮಳೆ ಹಿಡಿಯುವವರೆಗೆ ಕಾಯಲೇ? ಗರಿ ಮತ್ತೆ ಕತ್ತರಿಸಬೇಕಾ? ಕುಡಿಯುವ ನೀರಿಗೆ ಹಾಕಲು ಸ್ವಲ್ಪ ಬೇರೂ ಬೇಕಿತ್ತು. ಇಡೀ ಬುಡ ಕೀಳದೆ ಪಕ್ಕದಿಂದ ತೆಗೆದವರು ಇದ್ದರೆ ದಯವಿಟ್ಟು ಹೇಳಿ.