‘ಹ್ಯಾವ್’ ಎಲ್ಲಿ, ‘ಹ್ಯಾವಿಂಗ್’ ಎಲ್ಲಿ?

ತುಮಕೂರು ಹುಡುಗಿ:
ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಹೋದ ವಾರ ಒಂದು ಇಂಟರ್‌ವ್ಯೂನಲ್ಲಿ ‘ಐ ಆ್ಯಮ್ ಹ್ಯಾವಿಂಗ್ ಟೂ ಇಯರ್ಸ್ ಎಕ್ಸ್‌ಪೀರಿಯೆನ್ಸ್’ ಅಂದೆ. ಎದುರು ಕೂತವರು ಅಲ್ಲೇ ತಡೆದು ‘ಐ ಹ್ಯಾವ್’ ಅಂತ ತಿದ್ದಿದರು, ಆಮೇಲೆ ನನಗೆ ಬಾಯೇ ಬರಲಿಲ್ಲ. ಆದರೆ ಅವರೇ ಸ್ವಲ್ಪ ಮುಂಚೆ ಫೋನಿನಲ್ಲಿ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಅಂದಿದ್ದರು. ಅದು ಸರಿ, ಇದು ತಪ್ಪು ಹೇಗೆ? ಡಿಕ್ಷನರಿಯಲ್ಲಿ ‘ಹೊಂದಿರು’ ಅಂತ ಇದೆ. ಅದರಿಂದ ಏನೂ ತಿಳಿಯಲಿಲ್ಲ.

ಹಳೇ ಮೇಷ್ಟ್ರು:
ಬೇಜಾರು ಮಾಡ್ಕೋಬೇಡಮ್ಮ, ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಪ್ರತಿ ಕ್ಲಾಸಿನಲ್ಲೂ ಈ ತಪ್ಪು ನೋಡಿದ್ದೇನೆ. ಮೊದಲು ಕನ್ನಡದಲ್ಲಿ ಹೇಳಿ ನೋಡು. ‘ನನಗೆ ಎರಡು ವರ್ಷದ ಅನುಭವ ಇದೆ.’ ಬರೀ ‘ಇದೆ’ ಬಂತು ಅಲ್ವಾ? ಹಾಗಾದ್ರೆ ಹ್ಯಾವ್. ‘ಊಟ ಮಾಡ್ತಾ ಇದ್ದೇನೆ’ ಅನ್ನುವಾಗ ಕೆಲಸ ನಡೀತಾ ಇದೆ, ಅಲ್ಲಿ ಹ್ಯಾವಿಂಗ್. ‘ಕೆಲಸದಲ್ಲಿ ತೊಂದರೆ ಆಗ್ತಾ ಇದೆ’ ಅನ್ನೋದಕ್ಕೂ ‘ಐ ಆ್ಯಮ್ ಹ್ಯಾವಿಂಗ್ ಟ್ರಬಲ್’ ಸರಿಯೇ. ಆದರೆ ‘ಅಕ್ಕನಿಗೆ ಇಬ್ಬರು ಮಕ್ಕಳು’ ಅನ್ನೋಕೆ ‘ಶಿ ಈಸ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಅಂದರೆ, ಕೇಳಿದವರು ಆಕೆಗೆ ಅವಳಿ ಮಕ್ಕಳು ಹುಟ್ಟುವುದಿದೆ ಅಂದುಕೊಳ್ಳಬಹುದು!

ಪದಗಳ ಹುಚ್ಚು:
ಮೇಷ್ಟ್ರು ಹೇಳಿದ್ದು ಸರಿ. ನನಗೆ ಸಿಟ್ಟು ಬರೋದು ಆ ‘ಹೊಂದಿರು’ ಮೇಲೆ. ಇಂಗ್ಲಿಷಿನ ಹ್ಯಾವ್‌ಗೆ ಸರಿಸಮನಾದ ಒಂದೇ ಕ್ರಿಯಾಪದ ನಮ್ಮ ಮಾತಿನಲ್ಲಿ ಇಲ್ಲ, ಬೇಕಾಗಿಯೂ ಇಲ್ಲ. ‘ನನಗೆ ಜ್ವರ ಇದೆ’, ‘ನನ್ನ ಹತ್ರ ದುಡ್ಡಿದೆ’, ‘ಮನೇಲಿ ಬಾವಿ ಇದೆ’ ಅಂತ ಒಂದೊಂದಕ್ಕೂ ಬೇರೆ ದಾರಿ ಇದೆ. ‘ನನಗೆ ಅಣ್ಣ ಇದ್ದಾನೆ’ ಅಂದರೆ ಸಂಬಂಧ, ‘ನನ್ನ ಹತ್ರ ಅಣ್ಣ ಇದ್ದಾನೆ’ ಅಂದರೆ ಅವನು ಈಗ ನನ್ನ ಜೊತೆಗಿದ್ದಾನೆ. ಇಷ್ಟು ಸೂಕ್ಷ್ಮ ಇಂಗ್ಲಿಷಿನ ಹ್ಯಾವ್‌ನಲ್ಲಿ ಕಾಣಿಸೋದಿಲ್ಲ. ಹೊಂದು ಅಂದರೆ ಕೂಡು, ಸರಿಬರು. ಹೊಂದಿಕೆ, ಹೊಂದಾಣಿಕೆ ಎಲ್ಲಾ ಅಲ್ಲಿಂದಲೇ ಬಂದದ್ದು. ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’ ಅಂತ ಪೇಪರಿನಲ್ಲಿ ಬರೆಯುತ್ತಾರೆ, ಮನೇಲಿ ಯಾರಾದ್ರೂ ಹಾಗೆ ಮಾತಾಡ್ತಾರಾ? ದಯವಿಟ್ಟು ಅದನ್ನು ಕಲಿಯಬೇಡಿ.

ಮೈಸೂರು ಅಕ್ಕ:
ಇನ್ನೆರಡು ಸೇರಿಸ್ತೀನಿ, ಇಂಟರ್‌ವ್ಯೂಗೆ ಬೇಕಾಗುತ್ತೆ. ‘ಐ ಹ್ಯಾವ್ ಟು ಗೋ’ ಅಂದರೆ ಹೋಗಲೇಬೇಕು. ಇಲ್ಲಿ ಇರೋದು, ಇಲ್ಲದಿರೋದು ಏನೂ ಇಲ್ಲ. ಮಾತಾಡುವಾಗ ಇದು ‘ಹ್ಯಾಫ್ ಟು’ ಅಂತ ಕೇಳಿಸುತ್ತೆ, ಗಾಬರಿ ಆಗಬೇಡ. ಇನ್ನೊಂದು, ನಮ್ಮ ‘ಮಾಡಿಸು’ ಇದೆಯಲ್ಲ, ಅದಕ್ಕೂ ಹ್ಯಾವ್ ಬರುತ್ತೆ. ‘ಐ ಹ್ಯಾಡ್ ಮೈ ಹೇರ್ ಕಟ್’ ಅಂದರೆ ಕಟಿಂಗ್ ಮಾಡಿಸಿಕೊಂಡೆ, ‘ಐ ಕಟ್ ಮೈ ಹೇರ್’ ಅಂದರೆ ನಾನೇ ಕತ್ತರಿ ಹಿಡಿದೆ.

ತುಮಕೂರು ಹುಡುಗಿ:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ, ಅಕ್ಕಾ, ಎಲ್ಲರಿಗೂ. ‘ಇದೆ’, ‘ಮಾಡ್ತಾ ಇದ್ದೇನೆ’ ಅಂತ ಹೇಳಿ ನೋಡೋದು ಈಗಲೇ ಉಪಯೋಗಕ್ಕೆ ಬಂತು. ಕೊನೇದಾಗಿ ಒಂದು: ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2022’ ಅಂತ ಬಯೋಡೇಟಾದಲ್ಲಿ ಬರೆದಿದ್ದೇನೆ. ಸರಿನಾ?

ಹಳೇ ಮೇಷ್ಟ್ರು:
ಇಲ್ಲಮ್ಮ. ವರ್ಷ, ತಾರೀಕು, ನಿನ್ನೆ ಅಂತ ಮುಗಿದುಹೋದ ಸಮಯ ಹೇಳಿದರೆ ಈ ಹ್ಯಾವ್ ಬಿಡಬೇಕು. ‘ಐ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2022’ ಅಷ್ಟೇ ಸಾಕು. ವರ್ಷ ಹೇಳದೆ ‘ಡಿಗ್ರಿ ಮುಗಿದಿದೆ’ ಅನ್ನುವಾಗ ‘ಐ ಹ್ಯಾವ್ ಕಂಪ್ಲೀಟೆಡ್’ ಸರಿ. ‘ಊಟ ಆಯ್ತಾ’ ಅಂತ ಕೇಳ್ತೀವಲ್ಲ, ಅದೇ ‘ಹ್ಯಾವ್ ಯೂ ಈಟನ್’. ಎಷ್ಟು ಗಂಟೆಗೆ ಊಟ ಮಾಡಿದೆ ಅಂತ ಕೇಳುವಾಗ ‘ವೆನ್ ಡಿಡ್ ಯೂ ಈಟ್’. ಇವತ್ತೇ ಬಯೋಡೇಟಾ ತಿದ್ದಿಬಿಡು.