ಹುಬ್ಬಳ್ಳಿಯಿಂದ 60 ಕಿ.ಮೀ. ಸೈಕಲ್ ಗ್ರೂಪ್ ರೈಡ್: ಮಳಿಗಾಲದಾಗ ಯಾವ ಕಡೆ ಹೋಗಬೇಕು?

ಉಣಕಲ್ ಪೆಡಲ್:
ಆಗಸ್ಟ್‌ನಾಗ ಒಂದು ಭಾನುವಾರ ಕ್ಲಬ್ ರೈಡ್ ಐತಿ. 18 ಮಂದಿ, ಅರ್ಧಕ್ಕರ್ಧ ಹೊಸಬರು. ರೋಡ್ ಬೈಕ್, ಹೈಬ್ರಿಡ್, ಎಂಟಿಬಿ (ಗುಡ್ಡಗಾಡಿನ ಸೈಕಲ್) ಎಲ್ಲಾ ಅದಾವು. ರಸ್ತೆ ಸಪಾಟ ಐತಿ ಅಂತ ಪೂರ್ವಕ್ಕ ಅಣ್ಣಿಗೇರಿ ಕಡೆ ಹಾಕೀನಿ. ಸರಿ ಆಗ್ತದೇನ್ರಿ? ಗುಂಪು ಒಡೀಲಾರದಂಗ ಹೆಂಗ ಮಾಡೂದು?

ಸಪ್ತಾಪುರ ಸೈಕಲ್:
ಅಣ್ಣಿಗೇರಿ ಈಗ ಬ್ಯಾಡ್ರಿ. ಮಳಿಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸ್ತದ. ಹೋಗುವಾಗ ಬೆನ್ನಿಗೆ ಗಾಳಿ ಸಿಕ್ಕು ಹೊಸಬರು 28ರ ವೇಗದಾಗ ಹೊಡೀತಾರ. ಹೊಳ್ಳಿ ಬರುವಾಗ ಕಾಲು ಸೋತಿರ್ತಾವ, ಮರ ಇಲ್ಲದ ಬಯಲಾಗ ಎದುರುಗಾಳಿ. ಗುಂಪು ಒಡಿಯೂದು ಅಲ್ಲೇ. ನೈಋತ್ಯಕ್ಕ ಕಲಘಟಗಿ ಕಡೆ ಹೊಂಟ್ರ ಕಷ್ಟ ಮೊದಲ ಮುಗೀತದ. ಹೋಗಿ ಬಂದ್ರ ಹತ್ತತ್ರ 60 ಆಗ್ತದ. ಅಂಕೋಲಾ ಕಡೆ ಹೋಗೂ ಲಾರಿ ಜಾಸ್ತಿ, ಹಂಗಾಗಿ ಒಂದೇ ಸಾಲು.

18 ಮಂದೀನ ಒಟ್ಟಿಗೆ ಬಿಡಬ್ಯಾಡ್ರಿ. ಆರಾರು ಮಂದಿ ಮೂರು ತುಕಡಿ ಮಾಡಿ, ನಡುವ 200 ಮೀಟರ್ ಬಿಡ್ರಿ. ಲಾರಿಗೆ ಓವರ್‌ಟೇಕ್ ಮಾಡಿ ಒಳಗ ಬರಾಕ ಜಾಗ ಬೇಕು. ಪ್ರತಿ 15 ಕಿ.ಮೀ.ಗೆ ಎಲ್ಲಾರೂ ಕೂಡೂ ಜಾಗ ಮೊದಲ ಗುರುತು ಹಾಕ್ರಿ. ಏರು ಮುಗಿದ ಮ್ಯಾಲೆ, ಡಾಂಬರು ಬಿಟ್ಟು ನಿಲ್ಲೂವಂಥದ್ದು ಇರಬೇಕು.

ವ್ಯಾಳ್ಯಾದ ಲೆಕ್ಕ: 20ರ ವೇಗಕ್ಕ 3 ತಾಸು, ಮೂರು ನಿಲುಗಡೆಗೆ 15 ನಿಮಿಷ, ನಾಷ್ಟಾಕ್ಕ 30, ಒಂದು ಪಂಕ್ಚರ್‌ಗೆ 20. ಒಟ್ಟು 4 ತಾಸು 5 ನಿಮಿಷ. ಕೊನೇ ಸವಾರನ ಹಿಂದ ಇರಾಂವನ ಹತ್ರ ಪ್ರೆಸ್ಟಾ, ಶ್ರೇಡರ್ ಎರಡೂ ವಾಲ್ವ್‌ಗೆ ಕೂಡೂ ಪಂಪ್ ಇರ್ಲಿ. ಎಲ್ಲಾರೂ ತಮ್ಮ ಅಳತೀ ಟ್ಯೂಬ್ ತಾವ ತರ್ಲಿ.

ಎರಿ ಹೊಲ:
ಮ್ಯಾಪ್‌ನಾಗ ಹಚ್ಚಿದ ಗೆರಿ ನಂಬಬ್ಯಾಡ್ರಿ. ಹೆದ್ದಾರಿ ತಪ್ಪಿಸಾಕ ಆ್ಯಪ್ ಚಕ್ಕಡಿ ದಾರೀನೂ ರಸ್ತೆ ಅಂತ ತೋರಸ್ತದ. ಜಿಪಿಎಕ್ಸ್ (ದಾರಿ ತೋರಸೂ ಫೈಲ್) ಕಳಿಸೂ ಮುಂಚೆ ಉಪಗ್ರಹ ಚಿತ್ರದಾಗ ಪೂರಾ ನೋಡ್ರಿ, ಒಬ್ಬರು ಹೋಗಿ ಬರ್ಲಿ. ಹುಬ್ಬಳ್ಳಿ ಪೂರ್ವಕ್ಕ ಎರಿ ಮಣ್ಣು. ಒಂದು ಮಳಿ ಬಿದ್ರ ಸಾಕು, ಟೈರಿಗೆ ಪದರ ಪದರ ಹತ್ತಿ, ಬ್ರೇಕ್ ಮತ್ತ ಫೋರ್ಕ್ ನಡುವ ತುಂಬಿ ಗಾಲಿ ತಿರುಗೂದ ನಿಲ್ತದ. ಆಗ ಜೋರಿಲೆ ಪೆಡಲ್ ತುಳದ್ರ ಹಿಂದಿನ ಡಿರೇಲರ್ (ಗೇರ್ ಬದಲಿಸೂ ಭಾಗ) ಬಾಗ್ತದ. ಇಳದು ಕಡ್ಡೀಲೆ ಕೆತ್ತಿ ತಗೀಬೇಕು, ಬ್ಯಾರೆ ದಾರಿ ಇಲ್ಲ.

ಉಣಕಲ್ ಪೆಡಲ್:
ಹಂಗಾದ್ರ ಅಣ್ಣಿಗೇರಿ ಸುಗ್ಗಿಗೆ ಇಡ್ಲೇನ್ರಿ?

ಎರಿ ಹೊಲ:
ಇಡ್ರಿ. ಆದ್ರ ಆಗ ಹಳ್ಳಿ ರಸ್ತೆ ಮ್ಯಾಲೆ ರಾಶಿಗೆ ಬೆಳಿ ಹರವಿರ್ತಾರ. ಅದರ ಮ್ಯಾಲೆ ಹಾಯಬ್ಯಾಡ್ರಿ. ರೈತರ ಕಾಳು ಅದು, ದಂಟು ಚೈನಿಗೆ ಸಿಗತದ, ಗಾಲಿ ಜಾರ್ತದ. ಇಳದು ಬದೀಲೆ ದಾಟ್ರಿ.