ಐದು ವಾರದ ಮರಿಗಳನ್ನು ಹಳೆ ಹೇಂಟೆಗಳು ಕುಕ್ಕುತ್ತಿವೆ, ಒಟ್ಟಿಗೆ ಬಿಡುವುದು ಹೇಗೆ?

ಪ್ರಶ್ನೆ (ಬದಿಯಡ್ಕದಿಂದ)

ಮನೆಯಲ್ಲಿ 6 ಹೇಂಟೆ, 1 ಹುಂಜ ಇವೆ. ಎಲ್ಲಾ ಎರಡು ವರ್ಷದವು. ಆಚೆ ತಿಂಗಳು ಗ್ರಾಮಶ್ರೀ ತಳಿಯ 8 ಕೋಳಿಮರಿ ತಂದು, ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬ್ ಹಾಕಿ ಸಾಕಿದೆ. ಈಗ ಐದು ವಾರ. ಮೊನ್ನೆ ಹಳೆಯವುಗಳ ಜೊತೆ ಬಿಟ್ಟು ನೋಡಿದೆ. ಐದು ನಿಮಿಷ ಆಗಿರಲಿಲ್ಲ, ಕಪ್ಪು ಹೇಂಟೆ ಒಂದು ಮರಿಯ ತಲೆಗೆ ಕುಕ್ಕಿ ರಕ್ತ ಬರಿಸಿತು. ಹುಂಜ ಸುಮ್ನೆ ನೋಡುತ್ತಾ ನಿಂತಿತ್ತು. ಪೆಟ್ಟಿಗೆ ಸಾಲುತ್ತಿಲ್ಲ, ಮಳೆ ಬೇರೆ ಶುರುವಾಗಿದೆ. ಗೂಡಿನ ಬೂದಿಯನ್ನೇ ಮರಿಗಳಿಗೆ ಸವರಿ ಬಿಡು, ವಾಸನೆ ಒಂದೇ ಆದರೆ ಕುಕ್ಕುವುದಿಲ್ಲ ಅನ್ನುತ್ತಾರೆ ಅತ್ತೆ. ನಿಜವಾ?

ಉತ್ತರ (ಪೆರ್ಲದಿಂದ)

ಅಕ್ಕಾ, ಮೊದಲು ಗಾಯ ಆದ ಮರಿಯನ್ನು ಬೇರೆ ಇಡಿ. ರಕ್ತ ಕಂಡರೆ ಜೊತೆಗೆ ಬೆಳೆದ ಮರಿಗಳೂ ಬಿಡುವುದಿಲ್ಲ, ಅಲ್ಲೇ ಕುಕ್ಕುತ್ತವೆ. ಗಾಯ ತೊಳೆದು ಅರಶಿನ ಹಚ್ಚಿ, ಒಣಗಿದ ಮೇಲೆ ಸೇರಿಸಿ.

ಬೂದಿಯಿಂದ ಏನೂ ಆಗದು. ಕೋಳಿ ಗುರುತು ಹಿಡಿಯುವುದು ಕಣ್ಣಲ್ಲಿ, ಮುಖ ಮತ್ತು ಜುಟ್ಟು ನೋಡಿ. ಹೇನಿಗೆ ಬೇಕಾದರೆ ಬೂದಿ ಒಳ್ಳೆಯದು, ಅತ್ತೆಗೆ ಹಾಗೆ ಹೇಳಿ!

ಐದು ವಾರಕ್ಕೆ ಬಿಟ್ಟದ್ದು ಬೇಗ ಆಯ್ತು. ತಾಯಿ ಹೇಂಟೆ ಇದ್ದಿದ್ದರೆ ಅದೇ ಅಡ್ಡ ನಿಲ್ಲುತ್ತಿತ್ತು. ಬಲ್ಬಿನ ಮರಿಗೆ ಹಿಂದೆ ಯಾರೂ ಇಲ್ಲ. ಕಡಿಮೆ ಎಂದರೂ ಎಂಟು ವಾರ ಕಳೆಯಲಿ, ಹತ್ತು ಆದರೆ ಇನ್ನೂ ವಾಸಿ.

ಅಲ್ಲಿವರೆಗೆ ಗೂಡಿನ ಒಂದು ಮೂಲೆಗೆ ತಂತಿ ಬಲೆ ಕಟ್ಟಿ ಮರಿಗಳನ್ನು ಅದರೊಳಗೆ ಹಾಕಿ. ನೋಡಲಿ, ಮುಟ್ಟುವುದು ಬೇಡ. ಎರಡೂ ಕಡೆಯ ತಿಂಡಿ ಪಾತ್ರೆ ಬಲೆಯ ಹತ್ತಿರವೇ ಇರಲಿ, ಎದುರುಬದುರು ತಿಂದು ಅಭ್ಯಾಸ ಆಗುತ್ತದೆ. ಎರಡು ವಾರ ಕಳೆದ ಮೇಲೆ ಬುಡದಲ್ಲಿ ಒಂದು ಕಂಡಿ ಬಿಡಿ. ಮರಿ ನುಸುಳಬೇಕು, ಹೇಂಟೆಗೆ ನುಸುಳಲು ಆಗಬಾರದು, ಅಷ್ಟೇ ಅಳತೆ. ನಾನು ಎರಡು ಅಡಿಕೆ ಸಲಾಕೆ ನಿಲ್ಲಿಸಿ ಮಾಡಿದ್ದೆ, ಮರಿ ಬೆಳೆದ ಹಾಗೆ ಸರಿಸುತ್ತಾ ಹೋದೆ. ಓಡಿ ಬರಲು ಜಾಗ ಇದೆ ಎಂದು ಗೊತ್ತಾದರೆ ಮರಿಗಳೇ ಧೈರ್ಯದಲ್ಲಿ ಹೊರಗೆ ಬರುತ್ತವೆ. ಹೊರಗೂ ಒಂದೆರಡು ತೆಂಗಿನ ಮಡಲು ಗೋಡೆಗೆ ಒರಗಿಸಿ, ಅಡಗಲು ಆಗುತ್ತದೆ. ತಿಂಡಿ, ನೀರು ಎರಡು ಮೂರು ಕಡೆ ಇಡಿ. ಒಂದೇ ಪಾತ್ರೆ ಇದ್ದರೆ ಕಪ್ಪು ಹೇಂಟೆ ಅಲ್ಲೇ ಕಾವಲು ಕೂರುತ್ತದೆ.

ಮತ್ತೆ, ಮರಿಗಳಿಗೆ ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಗಳ ತಿಂಡಿ) ಸಿಗಬಾರದು. ಅದರಲ್ಲಿ ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ, ಮರಿಯ ಮೂತ್ರಪಿಂಡ ಹಾಳಾಗುತ್ತದೆ. ಒಟ್ಟಿಗೆ ಬಿಟ್ಟ ಮೇಲೆ ಎಲ್ಲದಕ್ಕೂ ಗ್ರೋವರ್ (ಬೆಳೆಯುವ ಮರಿಗಳ ತಿಂಡಿ) ಕೊಡಿ. ಮೊಟ್ಟೆ ಇಡುವವಕ್ಕೆ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಕುಟ್ಟಿ ಬೇರೆ ಬಟ್ಟಲಲ್ಲಿ ಇಟ್ಟರೆ ಬೇಕಾದವು ತಿನ್ನುತ್ತವೆ.

ಉತ್ತರ (ಮುಳ್ಳೇರಿಯದಿಂದ)

ಮೇಲಿನವರು ಹೇಳಿದ್ದು ಸರಿ. ಆದರೆ ಮಳೆಗಾಲದಲ್ಲಿ ಕುಕ್ಕಿ ಸಾಯುವುದಕ್ಕಿಂತ ರಕ್ತಭೇದಿಯಲ್ಲಿ ಸಾಯುವ ಮರಿಗಳೇ ಜಾಸ್ತಿ, ನನ್ನ ಅನುಭವ. ಕಾಕ್ಸಿಡಿಯಾ ರೋಗಾಣು ಹಳೆ ಕೋಳಿಗಳ ಹಿಕ್ಕೆಯಲ್ಲಿ ಇರುತ್ತದೆ, ಅವಕ್ಕೆ ಹೆಚ್ಚಾಗಿ ಏನೂ ಆಗುವುದಿಲ್ಲ. ನೆಲ ಒದ್ದೆ ಇದ್ದರೆ ಮರಿಗಳಿಗೆ ಹಿಡಿಯುತ್ತದೆ. ಮರಿ ರೆಕ್ಕೆ ಇಳಿಬಿಟ್ಟು ತೂಕಡಿಸಿದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಯಬೇಡಿ. ಮೃಗಾಸ್ಪತ್ರೆಯಲ್ಲಿ ಕೇಳಿ ಆಂಪ್ರೋಲಿಯಂ ಎಂಬ ಔಷಧಿ ತಂದು ಅವರು ಹೇಳಿದ ಅಳತೆಯಲ್ಲಿ ನೀರಿಗೆ ಹಾಕಿ. ಗೂಡಿಗೆ ಮರದ ಪುಡಿ ದಪ್ಪಕ್ಕೆ ಹಾಕಿ, ಒದ್ದೆ ಆದದ್ದನ್ನು ಆಗಾಗ ತೆಗೆಯಿರಿ.

ಪ್ರಶ್ನೆ ಕೇಳಿದವರು, ಆರು ವಾರದ ನಂತರ

ಬಲೆ ಕಟ್ಟಿ, ಕಂಡಿಯನ್ನೂ ಮಾಡಿದೆ. ಹತ್ತನೇ ವಾರದಲ್ಲಿ ಒಂದು ರಾತ್ರಿ ಕತ್ತಲಾದ ಮೇಲೆ ಮರಿಗಳನ್ನು ಹಳೆಯವುಗಳ ಕೋಲಿನ ಮೇಲೆ ಕೂರಿಸಿದೆ. ಬೆಳಕು ಹರಿಯುವ ಮೊದಲೇ ಎದ್ದು ಗೂಡಿನ ಹತ್ತಿರ ನಿಂತೆ. ಐದು ಹೇಂಟೆಗಳು ಒಂದೆರಡು ಸಲ ಕುಕ್ಕಿ ಸುಮ್ಮನಾದವು. ಕಪ್ಪಿನದ್ದು ಮಾತ್ರ ಓಡಿಸಿಕೊಂಡೇ ಹೋಯಿತು. ಮರಿಗಳನ್ನು ಮತ್ತೆ ಒಳಗೆ ಹಾಕುವ ಬದಲು ಅದನ್ನೇ ಹಿಡಿದು, ಬೇರೆಯವು ಕಾಣದ ಹಾಗೆ ನಾಲ್ಕು ದಿನ ಹಟ್ಟಿಯ ಹಿಂದೆ ಬುಟ್ಟಿಯಡಿ ಇಟ್ಟೆ. ವಾಪಸ್ ಬಿಟ್ಟಾಗ ಉಳಿದ ಹೇಂಟೆಗಳೇ ಅದಕ್ಕೆ ಎರಡು ಕೊಟ್ಟವು! ಈಗ ಮೂಲೆಯಲ್ಲಿ ತಿನ್ನುತ್ತದೆ.

8 ಮರಿಗಳೂ ಉಳಿದಿವೆ. ಮೂರರ ಜುಟ್ಟು ಈಗಲೇ ಕೆಂಪಾಗುತ್ತಿದೆ, ಹುಂಜಗಳೇ ಇರಬೇಕು. ನೋಡುತ್ತಾ ನಿಲ್ಲುತ್ತಿದ್ದ ದೊಡ್ಡ ಹುಂಜ ಈಗ ಆ ಮೂರನ್ನು ಮಾತ್ರ ಓಡಿಸುತ್ತಿದೆ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.